ಅರಬ್ಬಿ ಪಾಠದ ಗುರುಮಾತೆ ನಬವಿಯ್ಯಾ ಮೂಸಾ

ಕೊಲ್ಲಿ ರಾಷ್ಟ್ರಗಳಲ್ಲಿ ಬೆಳೆಯುವ ನಮ್ಮ ಮಕ್ಕಳಲ್ಲಿ ಅನೇಕರು ಶಾಲೆಯಲ್ಲಿ ಅರಬ್ಬಿ ಕಲಿಯುತ್ತಾರೆ. ಎಷ್ಟೋ ಕಡೆ ಆ ಪಾಠ ಹೇಳುವವರು ಮಹಿಳೆಯರೇ. ಇದರಲ್ಲಿ ವಿಶೇಷವೇನು ಎನ್ನಿಸಬಹುದು. ಆದರೆ ಶತಮಾನದ ಹಿಂದೆ ಈಜಿಪ್ಟಿನಲ್ಲಿ ತನ್ನ ತಾಯ್ನುಡಿಯನ್ನು ಶಾಲೆಯಲ್ಲಿ ಕಲಿಸಲು ಒಬ್ಬ ಹೆಣ್ಣುಮಗಳು ಸೆಣಸಬೇಕಾಯಿತು. ಆಕೆಯೇ ನಬವಿಯ್ಯಾ ಮೂಸಾ.

ಝಗಾಜಿಗ್ ಪಟ್ಟಣದ ಬಳಿಯ ಹಳ್ಳಿಯೊಂದರಲ್ಲಿ 1886ರಲ್ಲಿ ಜನಿಸಿದ ನಬವಿಯ್ಯಾ ತಂದೆಯ ಮುಖ ಕಂಡವರಲ್ಲ. ಸೈನ್ಯದಲ್ಲಿ ಅಧಿಕಾರಿಯಾಗಿದ್ದ ತಂದೆ ಸುಡಾನಿಗೆ ಹೋದವರು ಹಿಂದಿರುಗಲಿಲ್ಲ. ಮಗನ ಓದಿಗಾಗಿ ತಾಯಿ ಕೈರೋ ಸೇರಿದರು. ಮಗಳನ್ನು ಓದಿಸುವ ಯೋಚನೆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹುಡುಗಿ ಅಣ್ಣನಿಂದಲೇ ಅಕ್ಷರ ಕಲಿತಳು, ಅವನ ಪುಸ್ತಕಗಳನ್ನೇ ಓದಿದಳು. ಹದಿಮೂರರ ಪ್ರಾಯದಲ್ಲಿ ತಾಯಿಯ ಮೊಹರನ್ನು ಗುಟ್ಟಾಗಿ ಅರ್ಜಿಗೆ ಒತ್ತಿ, ಕೈಬಳೆ ಮಾರಿ ಶುಲ್ಕ ಕಟ್ಟಿ, ಸನಿಯ್ಯಾ ಬಾಲಿಕಾ ಶಾಲೆ ಸೇರಿದಳು.

ಅಲ್ಲಿಯೇ 1906ರಲ್ಲಿ ಶಿಕ್ಷಕಿಯ ತರಬೇತಿ ಮುಗಿಸಿ ಕೈರೋದ ಶಾಲೆಯೊಂದರಲ್ಲಿ ಕೆಲಸಕ್ಕೆ ನಿಂತಾಗ ಇನ್ನೊಂದು ಸತ್ಯ ತಿಳಿಯಿತು. ಗಂಡು ಶಿಕ್ಷಕರಿಗೆ ಆಕೆಯ ಎರಡರಷ್ಟು ಸಂಬಳ. ಕಾರಣ ಕೇಳಿದರೆ, ಅವರಿಗೆ ಪ್ರೌಢ ಶಿಕ್ಷಣದ ಪ್ರಮಾಣಪತ್ರವಿದೆ ಎಂಬ ಉತ್ತರ ಬಂತು. ಹುಡುಗಿಯರಿಗೆ ಸರ್ಕಾರಿ ಪ್ರೌಢಶಾಲೆಯೇ ಇಲ್ಲದ ಕಾಲವದು. ಅಧಿಕಾರಿಗಳು ಬೇಡವೆಂದರೂ ನಬವಿಯ್ಯಾ ಮನೆಯಲ್ಲೇ ಓದಿ 1907ರಲ್ಲಿ ಆ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಹಾಗೆ ಗೆದ್ದ ಮೊದಲ ಈಜಿಪ್ಟ್ ಮಹಿಳೆ ಅವರು. ಎರಡನೆಯವರಿಗಾಗಿ ದೇಶ ಸುಮಾರು ಎರಡು ದಶಕ ಕಾಯಬೇಕಾಯಿತು!

ಅರಬ್ಬಿ ಬೋಧನೆ ಆಗ ಪಂಡಿತ ಪುರುಷರ ಕೋಟೆ. ಹೆಂಗಸು ಆ ಪಾಠ ಹೇಳುವುದೇ ಎಂದು ಅವರು ಆಕ್ಷೇಪಿಸಿದರು. ನಬವಿಯ್ಯಾ ಹಿಂಜರಿಯಲಿಲ್ಲ. ಪಾಠ ಹೇಳಿದ್ದಲ್ಲದೆ ಹೆಣ್ಣುಮಕ್ಕಳಿಗಾಗಿ ಅರಬ್ಬಿ ಪಠ್ಯವನ್ನೂ ಬರೆದರು. 1909ರಲ್ಲಿ ಫಯೂಮ್ ಪಟ್ಟಣದ ಬಾಲಿಕಾ ಶಾಲೆಯ ಮುಖ್ಯಸ್ಥೆಯಾದರು. ಮುಂದೆ ಮನ್ಸೂರಾ ಮತ್ತು ಅಲೆಕ್ಸಾಂಡ್ರಿಯಾದಲ್ಲಿ ಶಿಕ್ಷಕಿಯರನ್ನು ತಯಾರು ಮಾಡಿದರು. 1920ರಲ್ಲಿ ಪ್ರಕಟವಾದ ಅವರ ಪುಸ್ತಕದ ವಿಷಯ ಮಹಿಳೆ ಮತ್ತು ದುಡಿಮೆ. ಹೆಣ್ಣು ಓದಿ ದುಡಿದರೆ ದೇಶ ಪರರನ್ನು ನೆಚ್ಚಬೇಕಾಗಿಲ್ಲ ಎಂಬುದು ಅವರ ವಾದ.

1923ರಲ್ಲಿ ಹುದಾ ಶಅರಾವಿ ಅವರೊಡನೆ ರೋಮ್ ನಗರದ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನಕ್ಕೆ ಹೋಗಿಬಂದರು. ಬಾಲಿಕಾ ಶಿಕ್ಷಣದ ಮುಖ್ಯ ಪರಿವೀಕ್ಷಕಿಯ ಹುದ್ದೆಯೂ ದೊರೆಯಿತು. ಆದರೆ ಇಲಾಖೆಯ ಲೋಪಗಳನ್ನು ಮುಚ್ಚಿಡುವ ಸ್ವಭಾವ ಅವರದಲ್ಲ. ನಿಷ್ಠುರ ಮಾತಿನ ಫಲವಾಗಿ 1926ರಲ್ಲಿ ಕೆಲಸ ಹೋಯಿತು. ಅಲ್ಲಿಗೆ ಸುಮ್ಮನಾಗದೆ ತಮ್ಮದೇ ಬಾಲಿಕಾ ಶಾಲೆಗಳನ್ನು ಬೆಳೆಸಿದರು, 1937ರಲ್ಲಿ ಪತ್ರಿಕೆಯೊಂದನ್ನು ಆರಂಭಿಸಿದರು. 1942ರಲ್ಲಿ ಸರ್ಕಾರವನ್ನು ಟೀಕಿಸಿದ್ದಕ್ಕೆ ಸೆರೆವಾಸ ಅನುಭವಿಸಿದರು. ಅವಿವಾಹಿತೆಯಾಗಿಯೇ ಉಳಿದು, ಆತ್ಮಕಥೆ ಬರೆದಿಟ್ಟು, 1951ರಲ್ಲಿ ನಿಧನರಾದರು.

ಅವರ ಶಿಸ್ತು ಕಠಿಣ, ನಾಲಿಗೆ ಹರಿತ. ಅವರೊಡನೆ ಮುನಿಸಿಕೊಂಡವರೂ ಕಡಿಮೆಯಿಲ್ಲ. ಆದರೆ ಆ ಹಟವಿಲ್ಲದಿದ್ದರೆ ಅಂದು ಆ ಬಾಗಿಲು ತೆರೆಯುತ್ತಿರಲಿಲ್ಲ. ಪರನಾಡಿನಲ್ಲಿ ರಜೆಯ ದಿನವೂ ಬಿಡುವು ಮಾಡಿಕೊಂಡು ಮಕ್ಕಳಿಗೆ ಅ ಆ ಇ ಈ ತಿದ್ದಿಸುವ ನಮ್ಮ ತಾಯಂದಿರಿಗೆ ಈ ಹಿರಿಯಕ್ಕನ ಪರಿಚಯವಿರಲಿ ಎಂಬುದೇ ಈ ಪುಟ್ಟ ಬರಹದ ಆಶಯ.