ಮೊದಲು ನೀರು, ಆಮೇಲೆ ಒಲೆ: ಅಮೂಲ್ಯ ರೆಡ್ಡಿ ಹಳ್ಳಿಯಿಂದ ಕಲಿತದ್ದು

ನಮ್ಮ ರಾಯಚೂರು ರಾಜ್ಯಕ್ಕೆಲ್ಲ ಕರೆಂಟು ಕೊಡೋ ಊರು. ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರೀತಿದೆ. ಬೆಳಕು ಎಲ್ಲರಿಗೂ, ಬೂದಿ ನಮಗೆ. ಇನ್ನು ಮುಂದೆ ಸೋಲಾರ್ ಬರಲಿ ಅಂತ ನಾನೂ ಕೇಳ್ತೀನಿ. ಆದರೆ ಹಳ್ಳಿಯಲ್ಲಿ ಅದು ಹೇಗೆ ನಿಲ್ಲಬೇಕು ಅನ್ನೋದಕ್ಕೆ ಅಮೂಲ್ಯ ರೆಡ್ಡಿಯವರ ಬದುಕು ನೋಡಬೇಕು.

1930ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರೆಡ್ಡಿ ವಿದ್ಯುದ್ರಸಾಯನ ವಿಜ್ಞಾನಿ. ಬಾಕ್ರಿಸ್ ಜೊತೆ ಅವರು ಬರೆದ ಪಠ್ಯಪುಸ್ತಕಕ್ಕೆ ಜಗತ್ತಿನಾದ್ಯಂತ ಓದುಗರಿದ್ದರು. ಅಷ್ಟಕ್ಕೇ ನಿಲ್ಲದೆ, 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಕಟ್ಟಿದರು.

ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಮುತ್ತ ಅವರ ತಂಡ ಮನೆಮನೆಯ ಲೆಕ್ಕ ತೆಗೀತು: ಸೌದೆ ಹೊರೋರು ಯಾರು, ನೀರಿಗೆ ಎಷ್ಟು ಹೊತ್ತು ನಡೀತಾರೆ? ಹಳ್ಳಿಯ ಶಕ್ತಿಯಲ್ಲಿ ಬಹುಪಾಲು ಅಡುಗೆ ಒಲೆಗೇ ಹೋಗ್ತಿತ್ತು. ಹಾಗಾಗಿ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಅಡುಗೆಗೆಂದು ಸಾಮೂಹಿಕ ಗೋಬರ್ ಗ್ಯಾಸ್ ಘಟಕ ಹಾಕಿದರು. ಕೈಗೂಡಲಿಲ್ಲ. ಎಲ್ಲರ ಒಲೆಗೆ ಸಾಲುವಷ್ಟು ಸಗಣಿಯೇ ಇರಲಿಲ್ಲ. ಸೌದೆ ಹೇಗೂ ಪುಕ್ಕಟೆ ಸಿಗ್ತಿತ್ತು. ಜನಕ್ಕೆ ತುರ್ತಾಗಿ ಬೇಕಿದ್ದದ್ದು ಕುಡಿಯೋ ನೀರು.

ಹಳ್ಳಿಯವರು ಬದಲಾಗೋದಿಲ್ಲ ಅಂತ ದೂರಿ ಎದ್ದು ಬರೋದು ಸುಲಭವಿತ್ತು. ರೆಡ್ಡಿ ತಮ್ಮ ಯೋಜನೆಯನ್ನೇ ಬದಲಿಸಿದರು. 1987ರಿಂದ ಅದೇ ಗ್ಯಾಸು ಎಂಜಿನ್ ಓಡಿಸಿ, ಕೊಳವೆಬಾವಿಯಿಂದ ನೀರೆತ್ತಿ, ಮನೆಗಳಿಗೆ ದೀಪ ಹಚ್ಚಿತು. ಸಗಣಿ ತಂದವರಿಗೆ ಕಾಸು ಸಿಕ್ತಿತ್ತು, ಗೊಬ್ಬರವೂ ವಾಪಸ್ ಬರ್ತಿತ್ತು. ಘಟಕ ನಡೆಸಿದ್ದು ಊರಿನ ಹುಡುಗರೇ.

ಇದೇ ತರ್ಕವನ್ನು ಅವರು ಇಡೀ ರಾಜ್ಯಕ್ಕೂ ಹಚ್ಚಿದರು. ಎಷ್ಟು ಮೆಗಾವಾಟ್ ಬೇಕು ಅನ್ನೋದಕ್ಕಿಂತ ಮೊದಲು, ಯಾರಿಗೆ ಯಾವ ಕೆಲಸಕ್ಕೆ ಬೇಕು ಅಂತ ಕೇಳಿ, ಪೋಲು ತಡೆಯಿರಿ, ಆಮೇಲೆ ದೊಡ್ಡ ಸ್ಥಾವರದ ಮಾತು. ಇದಕ್ಕೆ ‘ಡಿಫೆಂಡಸ್’ ಎಂದು ಹೆಸರಿಟ್ಟರು. ಪುರದ ಘಟಕ ಕೊನೆಗೆ ನಿಂತುಹೋಯ್ತು. ಅದರ ಪಾಠಗಳನ್ನೂ ಅವರು ಮುಚ್ಚಿಡದೆ ಬರೆದಿಟ್ಟು, 2006ರಲ್ಲಿ ತೀರಿಕೊಂಡರು.

ಅವರ ಪ್ರಶ್ನೆಯನ್ನು ನಾನು ನಮ್ಮ ಜಿಲ್ಲೆಗೆ ತಂದು ನೋಡ್ತೀನಿ. ದೇವದುರ್ಗದಿಂದ ಮನೆಮಂದಿಯೆಲ್ಲ ಗುಳೆ ಹೋದರೆ ಫಲಕದ ಧೂಳು ಒರೆಸೋರು, ಬ್ಯಾಟರಿ ನೋಡಿಕೊಳ್ಳೋರು ಯಾರು? ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತನಿಗೆ ಮೊದಲು ಬೇಕಾದ್ದು ಮನೆಯ ಬಲ್ಬೋ, ಹೊಲದ ಪಂಪೋ? ಫಲಕ ಹಾಕೋದು ಗುತ್ತಿಗೆದಾರನ ಕೆಲಸ, ಒಂದು ವಾರದಲ್ಲಿ ಮುಗಿಯುತ್ತೆ. ಈ ಪ್ರಶ್ನೆಗಳನ್ನ ಗ್ರಾಮಸಭೆಯಲ್ಲಿ ಕೊಡ ಹೊರುವ ಹೆಂಗಸರ ಮುಂದೆ ಕೇಳೋದು ರಾಜಕೀಯದ ಕೆಲಸ. ಅದನ್ನ ನಾವು ಮಾಡಬೇಕು.