ಪ್ರಾಣಿಗಳ ವೃಷಣದ ರಸ ಚುಚ್ಚಿಕೊಂಡು 'ಬುದ್ಧಿ ಚುರುಕಾಯ್ತು' ಎಂದ ವಿಜ್ಞಾನಿ! ಯಾರು ಈ ಬ್ರೌನ್-ಸೆಕಾರ್?

ಹೌಜ್ ಖಾಸ್, ನವದೆಹಲಿ: ಇಲ್ಲಿ ಒಂದೆಡೆ ಅಲಾವುದ್ದೀನ್ ಖಿಲ್ಜಿ ಕಾಲದ ಕೆರೆ, ಇನ್ನೊಂದೆಡೆ ದೇಶದ ಲಕ್ಷಾಂತರ ವಿದ್ಯಾರ್ಥಿಗಳು ಕನಸು ಕಾಣುವ ಐಐಟಿ. ಇಂಥ ಪೈಪೋಟಿಯ ಕಾಲದಲ್ಲಿ ನೆನಪಿನ ಶಕ್ತಿ, ಏಕಾಗ್ರತೆ ಹೆಚ್ಚಿಸುವ ಔಷಧ ಇದ್ದರೆ ಎಷ್ಟು ಚೆನ್ನ ಎಂದು ಯಾರಿಗೆ ಅನಿಸುವುದಿಲ್ಲ? ಹಾರ್ಮೋನ್‌ನಿಂದ ಅದು ಸಾಧ್ಯ ಎಂಬ ಆಸೆ ಹೊಸದೇನಲ್ಲ. 1889ರಲ್ಲೇ ವಿಜ್ಞಾನಿಯೊಬ್ಬರು ತಮ್ಮ ಮೈಮೇಲೆ ಪ್ರಯೋಗ ಮಾಡಿಕೊಂಡಿದ್ದರು. ಅವರೇ ಚಾರ್ಲ್ಸ್ ಎಡ್ವರ್ಡ್ ಬ್ರೌನ್-ಸೆಕಾರ್.

ಹುಟ್ಟುವ ಮೊದಲೇ ತಂದೆ ಇಲ್ಲ

1817ರ ಏಪ್ರಿಲ್ 8ರಂದು ಮಾರಿಷಸ್‌ನ ಪೋರ್ಟ್ ಲೂಯಿಸ್‌ನಲ್ಲಿ ಜನನ. ತಂದೆ ಅಮೆರಿಕದ ಹಡಗಿನ ಕ್ಯಾಪ್ಟನ್, ತಾಯಿ ಫ್ರೆಂಚ್ ಮೂಲದವರು. ಮಗ ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದರು. ಪ್ಯಾರಿಸ್‌ಗೆ ಹೋಗಿ ವೈದ್ಯಕೀಯ ಓದಿದ ಅವರು 1846ರಲ್ಲಿ ಪದವಿ ಪಡೆದರು.

ಬೆನ್ನುಹುರಿಯ ಅರ್ಧಭಾಗಕ್ಕೆ ಏಟು ಬಿದ್ದರೆ ಅದೇ ಬದಿಯ ಚಲನೆ ನಿಲ್ಲುತ್ತದೆ, ಎದುರು ಬದಿಯಲ್ಲಿ ನೋವು ಮತ್ತು ಬಿಸಿ-ತಂಪಿನ ಅರಿವು ಹೋಗುತ್ತದೆ ಎಂದು ತೋರಿಸಿಕೊಟ್ಟವರು ಇವರೇ. ಆ ಸ್ಥಿತಿಗೆ ಇಂದಿಗೂ ಅವರದೇ ಹೆಸರಿದೆ. ಅಡ್ರಿನಲ್ ಗ್ರಂಥಿ ತೆಗೆದರೆ ಪ್ರಾಣಿ ಬದುಕುವುದಿಲ್ಲ ಎಂದು 1856ರಲ್ಲಿ ಹೇಳಿದರು. ಹಾರ್ವರ್ಡ್‌ನಲ್ಲಿ ಪಾಠ ಮಾಡಿದರು. 1878ರಲ್ಲಿ ಪ್ಯಾರಿಸ್‌ನ ಕಾಲೇಜ್ ದ ಫ್ರಾನ್ಸ್‌ನಲ್ಲಿ ಕ್ಲಾಡ್ ಬರ್ನಾರ್ಡ್ ಅವರ ಸ್ಥಾನಕ್ಕೆ ಬಂದರು.

72ನೇ ವಯಸ್ಸಿನಲ್ಲಿ ಸೂಜಿ

ವಯಸ್ಸಾದಂತೆ ದೇಹ ಸೋತಿತು. ಪ್ರಯೋಗಾಲಯದಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಕೂರಲೇಬೇಕಿತ್ತು. ಆಗ ನಾಯಿ ಮತ್ತು ಗಿನಿಪಿಗ್‌ಗಳ ವೃಷಣದಿಂದ ತೆಗೆದ ರಸವನ್ನು ತಮಗೇ ಚುಚ್ಚಿಕೊಂಡರು. 1889ರ ಜೂನ್ 1ರಂದು ಪ್ಯಾರಿಸ್‌ನ ವಿಜ್ಞಾನಿಗಳ ಸಭೆಯಲ್ಲಿ ಫಲಿತಾಂಶ ಹೇಳಿದರು. ಗಂಟೆಗಟ್ಟಲೆ ನಿಂತು ಕೆಲಸ ಮಾಡಬಲ್ಲೆ, ತೋಳಿನ ಬಲ ಹೆಚ್ಚಿದೆ, ಊಟದ ನಂತರವೂ ಕಠಿಣ ವಿಷಯ ಬರೆಯುವಷ್ಟು ತಲೆ ಓಡುತ್ತಿದೆ ಎಂಬುದು ಅವರ ಮಾತಿನ ಸಾರ.

ಆದರೆ ಚುಚ್ಚಿದ ಜಾಗದಲ್ಲಿ ತೀವ್ರ ನೋವು, ಊತ ಇತ್ತು. ಇಂಜೆಕ್ಷನ್ ನಿಲ್ಲಿಸಿದ ಮೇಲೆ ಸುಮಾರು ಒಂದು ತಿಂಗಳಲ್ಲಿ ಹಳೆಯ ನಿಶ್ಶಕ್ತಿ ಮರಳಿತು. ಅಷ್ಟರಲ್ಲಿ ಸುದ್ದಿ ಹಬ್ಬಿ, ಯೌವನದ ಅಮೃತ ಎಂಬ ಹೆಸರಿನಲ್ಲಿ ವ್ಯಾಪಾರಿಗಳು ಲಾಭಕ್ಕಿಳಿದಿದ್ದರು. ಬ್ರೌನ್-ಸೆಕಾರ್ ಮಾತ್ರ ಹಣ ಮಾಡಲು ಹೊರಡಲಿಲ್ಲ. ವೈದ್ಯರಿಗೆ ರಸವನ್ನು ಉಚಿತವಾಗಿ ಕೊಟ್ಟರು. 1894ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ನಿಧನರಾದರು.

ತಪ್ಪಿದ್ದೆಲ್ಲಿ?

ವೃಷಣ ಟೆಸ್ಟೋಸ್ಟೆರಾನ್ ತಯಾರಿಸುತ್ತದೆ, ಕೂಡಿಡುವುದಿಲ್ಲ. ಅದು ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಹಾಗಾಗಿ ಆ ರಸದಲ್ಲಿ ಕೆಲಸ ಮಾಡುವಷ್ಟು ಹಾರ್ಮೋನೇ ಇರಲಿಲ್ಲ. ಬಲ ಬಂದಂತೆ ಕಂಡದ್ದು ನಂಬಿಕೆಯಿಂದ. ಹೋಲಿಸಿ ನೋಡಲು ಬರೀ ನೀರು ಚುಚ್ಚಿಸಿಕೊಂಡ ಇನ್ನೊಬ್ಬರು ಆ ಪ್ರಯೋಗದಲ್ಲಿ ಇರಲಿಲ್ಲ.

ಆದರೂ ಅಂಗಗಳು ರಕ್ತಕ್ಕೆ ಬಿಡುವ ರಸ ಇಡೀ ದೇಹವನ್ನು ನಡೆಸುತ್ತದೆ ಎಂಬ ಅವರ ವಿಚಾರ ಸುಳ್ಳಾಗಲಿಲ್ಲ. 1891ರಲ್ಲಿ ಇಂಗ್ಲೆಂಡ್‌ನ ವೈದ್ಯ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ರಸ ಕೊಟ್ಟು, ಥೈರಾಯ್ಡ್ ಕೊರತೆಯಿಂದ ದೇಹವೂ ಮನಸ್ಸೂ ಮಂದವಾಗಿದ್ದ ಮಹಿಳೆಯನ್ನು ಗುಣಪಡಿಸಿದರು. ಕೊರತೆ ಇದ್ದವರಿಗೆ ತುಂಬಿಕೊಡುವುದು ಚಿಕಿತ್ಸೆ. ಆರೋಗ್ಯವಂತರು ಬುದ್ಧಿಗಾಗಿ ತೆಗೆದುಕೊಳ್ಳುವುದು ಬೇರೆಯೇ ಮಾತು.

ಇಂದು ಗೊತ್ತಿರುವುದೇನು?

ಟೆಸ್ಟೋಸ್ಟೆರಾನ್ ಕಡಿಮೆಯಿದ್ದ, ಮರೆವು ಕಾಣಿಸಿಕೊಂಡ 493 ಹಿರಿಯ ಪುರುಷರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನದ ವರದಿ 2017ರಲ್ಲಿ ಬಂತು. ಒಂದು ವರ್ಷ ಆ ಹಾರ್ಮೋನ್ ಕೊಟ್ಟರೂ ನೆನಪಿನ ಶಕ್ತಿ ಸುಧಾರಿಸಲಿಲ್ಲ. 65 ದಾಟಿದ ಮಹಿಳೆಯರಿಗೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಒಟ್ಟಿಗೆ ಕೊಟ್ಟ ಅಧ್ಯಯನದಲ್ಲಿ ಬುದ್ಧಿಮಾಂದ್ಯತೆಯ ಅಪಾಯ ಸುಮಾರು ದುಪ್ಪಟ್ಟಾಗಿತ್ತು. ಇದು 2003ರ ವರದಿ.

ಅಗತ್ಯವಿಲ್ಲದೆ ಟೆಸ್ಟೋಸ್ಟೆರಾನ್ ತೆಗೆದುಕೊಂಡರೆ ವೀರ್ಯಾಣು ಉತ್ಪತ್ತಿ ಕುಗ್ಗಬಹುದು, ರಕ್ತ ದಪ್ಪವಾಗಬಹುದು. ಥೈರಾಯ್ಡ್ ಮಾತ್ರೆ ಅತಿಯಾದರೆ ಎದೆಬಡಿತ ಏರುಪೇರಾಗುತ್ತದೆ, ಮೂಳೆ ಸವೆಯುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಮರೆವು, ಸುಸ್ತು ಕಾಡಿದರೆ ಮೊದಲು ರಕ್ತಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿ. ಬ್ರೌನ್-ಸೆಕಾರ್ ಅವರಂಥ ಮಹಾನ್ ವಿಜ್ಞಾನಿಗೇ ತಮ್ಮ ಮೈಮೇಲಿನ ಪ್ರಯೋಗದಲ್ಲಿ ನಿಜ ಕಾಣಲಿಲ್ಲ ಎಂದಮೇಲೆ, ಗೆಳೆಯರ ಮಾತು ಕೇಳಿ ಮಾತ್ರೆ ನುಂಗುವವರಿಗೆ ಕಂಡೀತೇ?