ಮೈದಾನ ಸಿಗದ ಆಟಗಾರ್ತಿ

ಸೋತವರನ್ನು ಆಟದಿಂದ ಹೊರಗಿಡುವುದು ಲೋಕರೂಢಿ. ಗೆದ್ದುದಕ್ಕಾಗಿಯೇ ಹೊರಗಾದವರ ಕಥೆ ಅಪೂರ್ವವಾದುದು. ಇಂಗ್ಲೆಂಡಿನ ಕಾಲ್ಚೆಂಡಾಟದ ಇತಿಹಾಸವನ್ನು ಓದುವಾಗಲೆಲ್ಲ ಅಂಥ ಒಬ್ಬಾಕೆ ನನ್ನ ಗಮನವನ್ನು ಸೆಳೆಯುತ್ತಾಳೆ. ಆಕೆಯೇ ಲಿಲಿ ಪಾರ್.

ಆಕೆ ಹುಟ್ಟಿದ್ದು ೧೯೦೫ರಲ್ಲಿ. ಲ್ಯಾಂಕಾಷೈರ್ ಪ್ರಾಂತದ ಸೇಂಟ್ ಹೆಲೆನ್ಸ್ ಎಂಬ, ಗಾಜಿನ ಕಾರ್ಖಾನೆಗಳ ಊರಿನಲ್ಲಿ. ದುಡಿದು ಉಣ್ಣುವ ಮನೆತನ. ಅಣ್ಣತಮ್ಮಂದಿರೊಡನೆ ಬಯಲಿನಲ್ಲಿ ಚೆಂಡಾಡುತ್ತ ಬೆಳೆದ ಈ ಹುಡುಗಿಯ ಎಡಗಾಲಿಗೆ ಅಸಾಧಾರಣವಾದ ಬಲವಿತ್ತು.

ಅದು ಮೊದಲನೆಯ ಮಹಾಯುದ್ಧದ ಕಾಲ. ಗಂಡಸರು ರಣರಂಗಕ್ಕೆ ತೆರಳಿದ್ದರಿಂದ ಮದ್ದುಗುಂಡು ತಯಾರಿಸುವ ಕೆಲಸ ಹೆಂಗಸರ ಪಾಲಿಗೆ ಬಂದಿತ್ತು. ಪ್ರೆಸ್ಟನ್ ನಗರದ ಡಿಕ್, ಕೆರ್ ಕಾರ್ಖಾನೆಯ ಹೆಣ್ಣುಮಕ್ಕಳು ಬಿಡುವಿನ ವೇಳೆಯಲ್ಲಿ ಆಡುತ್ತ ಆಡುತ್ತ ಒಂದು ತಂಡವನ್ನೇ ಕಟ್ಟಿಕೊಂಡರು. ೧೯೧೭ರ ಕ್ರಿಸ್‌ಮಸ್ ದಿನ, ಗಾಯಗೊಂಡ ಸೈನಿಕರ ಆಸ್ಪತ್ರೆಯ ಸಹಾಯಾರ್ಥವಾಗಿ ಅವರು ಆಡಿದ ಪಂದ್ಯಕ್ಕೆ ಹತ್ತು ಸಾವಿರ ಜನ ನೆರೆದಿದ್ದರು. ೧೯೨೦ರಲ್ಲಿ ಲಿಲಿ ಈ ತಂಡವನ್ನು ಸೇರಿದಾಗ ಆಕೆಯ ವಯಸ್ಸು ಹದಿನೈದರ ಆಸುಪಾಸು. ಎಡಪಾರ್ಶ್ವದ ಮುನ್ನಡೆ ಆಟಗಾರ್ತಿಯಾಗಿ ಆಕೆ ಒದ್ದ ಚೆಂಡನ್ನು ತಡೆಯುವುದು ಗೋಲುರಕ್ಷಕರಿಗೆ ಸುಲಭದ ಮಾತಾಗಿರಲಿಲ್ಲ. ಫ್ರಾನ್ಸಿನ ಮಹಿಳಾ ತಂಡದೆದುರಿನ ಅಂತರರಾಷ್ಟ್ರೀಯ ಪಂದ್ಯಗಳಲ್ಲಿಯೂ ಆಕೆ ಆಡಿದಳು.

ಅದೇ ವರ್ಷದ ಕ್ರಿಸ್‌ಮಸ್ ರಜೆಯಲ್ಲಿ ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಡಿಕ್, ಕೆರ್ ತಂಡವು ಸೇಂಟ್ ಹೆಲೆನ್ಸ್ ತಂಡವನ್ನು ಎದುರಿಸಿತು. ಪ್ರೇಕ್ಷಕರು ೫೩,೦೦೦ ಮಂದಿ! ಸ್ಥಳ ಸಿಗದೆ ಹಿಂದಿರುಗಿದವರು ಇನ್ನೂ ಸಾವಿರಾರು. ಕೂಡಿದ ಮೂರು ಸಾವಿರ ಪೌಂಡಿಗೂ ಮಿಕ್ಕ ಹಣ ದಾನಕ್ಕೆ ಸಂದಿತು.

ಈ ಯಶಸ್ಸೇ ಅವರಿಗೆ ಮುಳುವಾಯಿತು. ೧೯೨೧ರ ಡಿಸೆಂಬರ್ ೫ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಒಂದು ನಿರ್ಣಯವನ್ನು ಹೊರಡಿಸಿತು: ಕಾಲ್ಚೆಂಡಾಟ ಸ್ತ್ರೀಯರಿಗೆ ತಕ್ಕುದಲ್ಲ, ಸಂಗ್ರಹವಾದ ಹಣದಲ್ಲಿ ಹೆಚ್ಚಿನ ಪಾಲು ಖರ್ಚಿಗೇ ಹೋಗುತ್ತಿದೆ, ಆದುದರಿಂದ ಸದಸ್ಯ ಕ್ಲಬ್ಬುಗಳು ಅವರಿಗೆ ಮೈದಾನ ಕೊಡಕೂಡದು. ಆಡಬೇಡಿರೆಂದು ಯಾರೂ ಹೇಳಲಿಲ್ಲ. ಆಡುವ ಸ್ಥಳವನ್ನು ಮಾತ್ರ ಕಸಿದುಕೊಂಡರು. ಅಧಿಕಾರವು ತನಗೆ ಒಲ್ಲದುದನ್ನು ಅಳಿಸುವ ಬಗೆಯಲ್ಲಿ ಇದಕ್ಕಿಂತ ಜಾಣತನದ್ದು ನನಗೆ ತೋರುವುದಿಲ್ಲ. ಮೈದಾನವಿಲ್ಲದೆ ಪ್ರೇಕ್ಷಕರಿಲ್ಲ, ಪ್ರೇಕ್ಷಕರಿಲ್ಲದೆ ಹಣವಿಲ್ಲ. ಆಮೇಲೆ ಈ ಆಟವನ್ನು ನೋಡುವವರೇ ಇಲ್ಲವೆಂದು ಹೇಳುವುದೂ ಸುಲಭ.

೧೯೨೨ರಲ್ಲಿ ತಂಡ ಕಡಲು ದಾಟಿತು. ಕೆನಡಾದಲ್ಲಿಯೂ ಆಡಲು ಅನುಮತಿ ದೊರೆಯಲಿಲ್ಲ. ಅಮೆರಿಕದಲ್ಲಿ ಎದುರಾಳಿಗಳಾಗಿ ನಿಂತವರು ಗಂಡಸರ ತಂಡಗಳು. ಅವರೊಡನೆ ಒಂಬತ್ತು ಪಂದ್ಯಗಳನ್ನಾಡಿ, ಕೆಲವನ್ನು ಗೆದ್ದೂ ಬಂದರು. ಆದರೆ ತಾಯ್ನಾಡಿಗೆ ಮರಳಿದಾಗ ದೊಡ್ಡ ಮೈದಾನಗಳ ಬಾಗಿಲು ಮುಚ್ಚಿಯೇ ಇತ್ತು.

ಲಿಲಿ ಮನೋರೋಗಿಗಳ ಆಸ್ಪತ್ರೆಯೊಂದರಲ್ಲಿ ದಾದಿಯಾಗಿ ದುಡಿಯುತ್ತ ಆಟವನ್ನು ಮುಂದುವರಿಸಿದಳು. ಸಣ್ಣಪುಟ್ಟ ಬಯಲುಗಳಲ್ಲಿ, ಚದುರಿದ ಪ್ರೇಕ್ಷಕರೆದುರು, ೧೯೫೧ರವರೆಗೆ! ಮೂವತ್ತು ವರ್ಷಗಳ ಈ ಶ್ರದ್ಧೆ ಗುಡಿಸನ್ ಪಾರ್ಕಿನ ಗೆಲುವಿಗಿಂತ ದೊಡ್ಡದೆಂದೇ ನನ್ನ ಎಣಿಕೆ. ಚಪ್ಪಾಳೆಯ ನಡುವೆ ಆಡುವುದು ಕಷ್ಟವಲ್ಲ. ಚಪ್ಪಾಳೆಯನ್ನು ಕೇಳಿದ್ದವರು ಅದು ನಿಂತಮೇಲೂ ಆಡುವುದು ಕಷ್ಟ.

ತಂಡ ೧೯೬೫ರಲ್ಲಿ ಮುಚ್ಚಿತು. ನಿರ್ಬಂಧ ತೆರವಾದುದು ಅದಕ್ಕೂ ಕೆಲವು ವರ್ಷ ತಡವಾಗಿ, ೧೯೭೦ರ ದಶಕದ ಆರಂಭದಲ್ಲಿ. ಆ ವೇಳೆಗೆ ಲಿಲಿಗೆ ಅರವತ್ತೈದರ ಮೇಲಾಗಿತ್ತು. ೧೯೭೮ರಲ್ಲಿ ಆಕೆ ತೀರಿಕೊಂಡಳು. ೨೦೦೨ರಲ್ಲಿ ಇಂಗ್ಲೆಂಡಿನ ಕಾಲ್ಚೆಂಡಾಟದ ಕೀರ್ತಿಮಂದಿರವನ್ನು ಸೇರಿದ ಮೊದಲ ಮಹಿಳೆಯೆಂಬ ಗೌರವ ಆಕೆಗೆ ಸಂದಿತು. ೨೦೧೯ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆಕೆಯ ಪ್ರತಿಮೆಯೂ ನಿಂತಿತು. ಗೌರವ ತಡವಾಗಿಯಾದರೂ ಬಂದುದು ಸಂತೋಷವೇ ಸರಿ. ಆದರೆ ಹದಿನಾರರ ಪ್ರಾಯದಲ್ಲಿ ಕಳೆದುಕೊಂಡ ಮೈದಾನವನ್ನು ಯಾವ ಪ್ರತಿಮೆಯೂ ಮರಳಿ ಕೊಡಲಾರದು. ಇಂದು ಹೆಣ್ಣುಮಕ್ಕಳು ತುಂಬಿದ ಕ್ರೀಡಾಂಗಣಗಳಲ್ಲಿ ಆಡುವುದನ್ನು ಕಂಡು ಹಿಗ್ಗುವವರು, ಆ ಬಯಲುಗಳಲ್ಲಿ ಆಡಿದವಳನ್ನೂ ಒಮ್ಮೆ ನೆನೆಯಬೇಕು.